ಚಟ್ನಿಪುಡಿ ಪೊಟ್ಟಣದ ಡಿಸೈನ್‌ಗೆ 45,000 ಕೇಳಿದೆ. ಜಾಸ್ತಿ ಆಯ್ತಾ?

ಗೆರೆ_ಬರೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಒಬ್ಬನೇ ಡಿಸೈನ್ ಕೆಲಸ ಮಾಡಿಕೊಂಡಿದ್ದೇನೆ. ಲೇಬಲ್, ಪೊಟ್ಟಣ, ಅಂಗಡಿ ಬೋರ್ಡು, ಇಂಥವೇ. ಮೊನ್ನೆ ಒಂದು ಕಡೆ ಬಾಯಿ ಕಟ್ಟಿದಂತಾಯಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹತ್ತಿರದ ಊರಲ್ಲಿ ಒಂದು ಮನೆಯವರು ಚಟ್ನಿಪುಡಿ ಮಾಡಿ ಮಾರುತ್ತಾರೆ. ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ, ಬೆಳ್ಳುಳ್ಳಿ ಖಾರ, ಒಟ್ಟು ಐದು ಬಗೆ. 200 ಗ್ರಾಂ ಪೊಟ್ಟಣ. ತಿಂಗಳಿಗೆ ಆರು ಸಾವಿರದ ಆಸುಪಾಸು ಅಂಗಡಿಗಳಿಗೆ ಹೋಗುತ್ತದೆ. ಐದಕ್ಕೂ ಒಂದೇ ಕೇಸರಿ ಬಣ್ಣದ ಸ್ಟಿಕರ್. ಮೇಲೆ ದೊಡ್ಡದಾಗಿ ಮನೆದೇವರು, ನಡುವೆ ಮನೆತನದ ಹೆಸರು, ತೀರಾ ಕೆಳಗೆ ಇರುವೆ ಸಾಲಿನ ಹಾಗೆ 'ಅಗಸಿ ಚಟ್ನಿಪುಡಿ'. ಅಗಸಿಗೂ ಗುರೆಳ್ಳಿಗೂ ವ್ಯತ್ಯಾಸ ತಿಳಿಯಬೇಕಾದರೆ ಕನ್ನಡಕ ಹಾಕಿಕೊಳ್ಳಬೇಕು. ತಿಂಗಳಿಗೆ 300 ಪೊಟ್ಟಣ ವಾಪಸ್ ಬರುತ್ತದಂತೆ. ಅವರೇ ಹೇಳಿದ್ದು.

ಐದೂ ಬಗೆಗೆ ಹೊಸದಾಗಿ ಮಾಡಿಕೊಡುತ್ತೇನೆ, 45,000 ಆಗುತ್ತದೆ ಅಂದೆ. ಯಜಮಾನರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ತಮ್ಮಾ, ಫ್ಲೆಕ್ಸ್ ಅಂಗಡಿಯಾಂವ ಒಂದಕ್ಕ ಐದ್ನೂರರಂಗ ಮಾಡಿ ಕೊಡ್ತಾನ. ನೀ ಏನ್ ಬಂಗಾರದಾಗ ಬರೀತಿ?" ಅಂದರು. ನಾನು ಹದಿನೈದು ದಿನದ ಕೆಲಸ ಐತ್ರಿ ಅಂದೆ. "ಹದಿನೈದು ದಿನಾ ಯಾಕ ಬೇಕು? ಆಂವ ಅರ್ಧಾ ತಾಸಿನಾಗ ಮುಗಸ್ತಾನ" ಅಂದರು. ಅಲ್ಲಿಗೆ ನನ್ನ ಮಾತು ನಿಂತಿತು. ಚಹಾ ಕುಡಿದು ಎದ್ದು ಬಂದೆ.

ಡಿಸೈನ್‌ನಿಂದ ಅವರಿಗೆ ಎಷ್ಟು ಲಾಭ ಅಂತ ಲೆಕ್ಕದಲ್ಲಿ ತೋರಿಸೋದು ಹೇಗೆ? ನೀವೆಲ್ಲ ಏನು ಮಾಡುತ್ತೀರಿ?

ಸುಮ್ನೆ_ಓದುವವ

ರೂಪಾಯಿ ಚಿಹ್ನೆ ಬರೆದವರಿಗೇ 2010ರಲ್ಲಿ ಸಿಕ್ಕಿದ್ದು ಎರಡೂವರೆ ಲಕ್ಷ. ಚಟ್ನಿಪುಡಿಗೆ 45 ಸಾವಿರ ಪರವಾಗಿಲ್ಲ ಬಿಡಿ 😄

ಪಿಕ್ಸೆಲ್_ಪುಟ್ಟ (ಬೆಂಗಳೂರು)

ಅದು ಸ್ಪರ್ಧೆಯ ಬಹುಮಾನ ಗುರು, ದರ ಅಲ್ಲ.

ಗೆರೆ_ಬರೆ ಅವರೇ, ನೀವು ತಪ್ಪಿದ್ದು ಎಲ್ಲಿ ಅಂದರೆ ದಿನದ ಲೆಕ್ಕಕ್ಕೆ ಇಳಿದದ್ದರಲ್ಲಿ. ಅಲ್ಲಿ ಫ್ಲೆಕ್ಸ್ ಅಂಗಡಿಯವನೇ ಗೆಲ್ಲೋದು. ಅವನು ಡಿಸೈನ್ ಮಾರುತ್ತಿಲ್ಲ, ಚದರಡಿ ಲೆಕ್ಕದಲ್ಲಿ ಪ್ರಿಂಟ್ ಮಾರುತ್ತಾನೆ. ಡಿಸೈನ್ ಅವನಿಗೆ ತರಕಾರಿ ಜೊತೆ ಹಾಕುವ ಕೊತ್ತಂಬರಿ ಸೊಪ್ಪು. ಲಗ್ನಪತ್ರಿಕೆ ಅಂಗಡಿಗಳಲ್ಲೂ ಅದೇ ಅಲ್ವಾ? ಕಾರ್ಡಿಗೆ ದುಡ್ಡು, ಅಕ್ಷರ ಜೋಡಿಸಿ ಕೊಡೋದು ಫ್ರೀ. ಹಾಗಾಗಿ ನಮ್ಮ ಜನಕ್ಕೆ ಡಿಸೈನ್ ಅಂದರೆ ಪುಕ್ಕಟೆ ಬರಬೇಕಾದ್ದು ಅಂತಲೇ ರೂಢಿ.

ನಮ್ಮ ಆಪ್ ಕಂಪನಿಗಳಲ್ಲಿ ಇದು ಸ್ವಲ್ಪ ಸುಲಭ, ಯಾಕೆಂದರೆ ಎಲ್ಲವೂ ತಾನಾಗಿ ಎಣಿಕೆಯಾಗುತ್ತದೆ. ಎಷ್ಟು ಜನ ಕಾರ್ಟ್‌ಗೆ ಹಾಕಿದರು, ಎಷ್ಟು ಜನ ದುಡ್ಡು ಕಟ್ಟದೆ ಹೊರಟರು, ಎಲ್ಲ ಗೊತ್ತಾಗುತ್ತದೆ. ನಮ್ಮ ಫೀಲ್ಡಿನಲ್ಲಿ ಎಲ್ಲರ ಬಾಯಲ್ಲಿರುವ ಕಥೆಯೊಂದಿದೆ, 2009ರಲ್ಲಿ ಜೇರೆಡ್ ಸ್ಪೂಲ್ ಅನ್ನುವ ವೆಬ್‌ಸೈಟ್ ಬಳಕೆಯ ತಜ್ಞ ಬರೆದದ್ದು. ಒಂದು ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕಟ್ಟುವ ಮುಂಚೆ 'ನೋಂದಣಿ ಮಾಡಿ' ಅನ್ನುವ ಬಟನ್ ಇತ್ತು. ಅದನ್ನು ತೆಗೆದು 'ಮುಂದುವರಿಯಿರಿ' ಅಂತ ಹಾಕಿದರು, ಖಾತೆ ಇಲ್ಲದಿದ್ದರೂ ನಡೆಯುತ್ತೆ ಅಂತ ಒಂದು ಸಾಲು ಸೇರಿಸಿದರು. ಖರೀದಿ ಮುಗಿಸುವವರು 45% ಹೆಚ್ಚಾದರು, ಮೊದಲ ವರ್ಷ 30 ಕೋಟಿ ಡಾಲರ್ ಹೆಚ್ಚು ವ್ಯಾಪಾರ ಆಯಿತು ಅಂತ ಅವರ ಲೆಕ್ಕ. ಬಟನ್ ಬರೆಯೋಕೆ ಎಷ್ಟು ತಾಸು ಹಿಡಿಯಿತು ಅಂತ ಅಲ್ಲಿ ಯಾರೂ ಕೇಳಲಿಲ್ಲ.

ನಿಮ್ಮ ಹತ್ತಿರವೂ ಅಂಥದ್ದೇ ಒಂದು ಸಂಖ್ಯೆ ಇದೆಯಲ್ಲ, ವಾಪಸ್ ಬರುವ 300 ಪೊಟ್ಟಣ. ಅದನ್ನು ಬಿಟ್ಟು ದಿನ ಯಾಕೆ ಎಣಿಸಿದಿರಿ?

ಲೆಕ್ಕದಕ್ಕ

ಪುಟ್ಟ ಹೇಳಿದ್ದು ಸರಿ. ಒಂದು ಪೊಟ್ಟಣಕ್ಕೆ ಅವರಿಗೆ ಎಷ್ಟು ಬೀಳುತ್ತದೆ? ಅಂಗಡಿಗೆ ಎಷ್ಟಕ್ಕೆ ಕೊಡುತ್ತಾರೆ? ವಾಪಸ್ ಬಂದದ್ದನ್ನು ಮತ್ತೆ ಮಾರುತ್ತಾರಾ, ಬಿಸಾಡುತ್ತಾರಾ? ಇಷ್ಟು ಹೇಳಪ್ಪಾ.

ಗೆರೆ_ಬರೆ

ಅಕ್ಕಾ, ಪೊಟ್ಟಣ ಸೇರಿ 38 ರೂಪಾಯಿ ಬೀಳುತ್ತದಂತೆ. ಅಂಗಡಿಗೆ 55ಕ್ಕೆ. ವಾಪಸ್ ಬಂದದ್ದು ಮಾರೋದಿಲ್ಲ. ಬದಲಿಗೆ ಹೊಸದು ಕೊಟ್ಟು ಬರುತ್ತಾರೆ.

ಲೆಕ್ಕದಕ್ಕ

ಹಾಗಾದರೆ ನಷ್ಟ 38ರ ಮೇಲೆ ಹಿಡಿ, 55ರ ಮೇಲೆ ಅಲ್ಲ. ಬದಲಿ ಪೊಟ್ಟಣಕ್ಕೆ ಅಂಗಡಿಯವನು ದುಡ್ಡು ಕೊಟ್ಟೇ ಇರುತ್ತಾನೆ, ಇವರ ಕೈಬಿಡೋದು ಇನ್ನೊಂದು ಪೊಟ್ಟಣದ ಖರ್ಚು. 300 × 38, ತಿಂಗಳಿಗೆ 11,400. ಅದರಲ್ಲಿ ಅರ್ಧ ತಗ್ಗಿದರೂ 5,700 ಉಳಿಯಿತು. ನಿನ್ನ 45,000 ಎಂಟು ತಿಂಗಳಲ್ಲಿ ಹುಟ್ಟುತ್ತದೆ. ಓಡಾಟದ ಖರ್ಚು ನಾನು ಹಿಡಿದೇ ಇಲ್ಲ. ಇದನ್ನೇ ಒಂದು ಹಾಳೆ ಮೇಲೆ ಬರೆದುಕೊಂಡು ಹೋಗು. ಕಂಪ್ಯೂಟರಲ್ಲಿ ಬೇಡ, ಪೆನ್ನಿನಲ್ಲಿ ಬರಿ. ವ್ಯಾಪಾರಸ್ಥರು ಪೆನ್ನಿನ ಲೆಕ್ಕವನ್ನು ಜಾಸ್ತಿ ನಂಬುತ್ತಾರೆ, ನನ್ನ ಅನುಭವ.

ಚಿಲ್ಲರೆ_ಅಂಗಡಿ (ದಾವಣಗೆರೆ)

ನಾನು ಡಿಸೈನರ್ ಅಲ್ಲ, ಕಿರಾಣಿ ಅಂಗಡಿಯವನು. ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ.

300 ಪೊಟ್ಟಣ ವಾಪಸ್ ಬರೋದು ಹೆಸರು ಕಾಣದಿದ್ದಕ್ಕೇ ಅಂತ ನಿಮಗೆ ಹೇಳಿದವರ್‍ಯಾರು? ಚಟ್ನಿಪುಡಿ ನಾನೂ ವಾಪಸ್ ಕಳಿಸುತ್ತೇನೆ. ಎಣ್ಣೆ ಸೋರಿ ಪಕ್ಕದ ಪೊಟ್ಟಣಕ್ಕೆಲ್ಲ ಮೆತ್ತಿಕೊಂಡಿರುತ್ತದೆ, ಗಿರಾಕಿ ಕೈಯಲ್ಲಿ ಹಿಡಿಯೋದಿಲ್ಲ. ತಾರೀಖು ಮುಗಿದದ್ದೂ ಇರುತ್ತದೆ. ಮಾಲು ಹಾಕೋಕೆ ಲೈನಿಗೆ ಬರುವ ಹುಡುಗ ಗುರೆಳ್ಳು ಬರೆದುಕೊಂಡು ಅಗಸಿ ಇಟ್ಟು ಹೋಗೋದೂ ಉಂಟು, ಇಲ್ಲ ಅನ್ನೋದಿಲ್ಲ. ಆದರೆ ಎಲ್ಲ ನಿಮ್ಮ ಖಾತೆಗೇ ಬರೆದುಕೊಂಡರೆ ಯಜಮಾನ ನಾಳೆ ಹಿಡಿಯುತ್ತಾನೆ.

ಇನ್ನೊಂದು. ನಾವು ಪೊಟ್ಟಣಗಳನ್ನು ಟ್ರೇನಲ್ಲಿ ಒಂದರ ಹಿಂದೆ ಒಂದು ನಿಲ್ಲಿಸುತ್ತೇವೆ. ಹಿಂದಿನ ಸಾಲಿನದು ಮೇಲಿನ ಎರಡು ಇಂಚು ಮಾತ್ರ ಕಾಣೋದು. ಆ ಎರಡು ಇಂಚಿನಲ್ಲಿ ಐದಕ್ಕೂ ಅದೇ ದೇವರು. ದೇವರನ್ನು ನೋಡಿ ಅಗಸಿ ಯಾವುದು ಅಂತ ಹೇಗೆ ಹೇಳಲಿ?

ಪಿಕ್ಸೆಲ್_ಪುಟ್ಟ

ಸರ್, ಈ ಟ್ರೇ ವಿಷಯಕ್ಕೆ ನಾವು ವಾರಗಟ್ಟಲೆ ಜನರನ್ನು ಮಾತಾಡಿಸುತ್ತೇವೆ. ನೀವು ನಾಲ್ಕು ಸಾಲಲ್ಲಿ ಕೊಟ್ಟುಬಿಟ್ಟಿರಿ.

ಮಲೆನಾಡು_ಹುಡುಗಿ

ಲಾಭದಲ್ಲಿ ಪಾಲು ಕೇಳಿ ಅಂತ ಯಾರಾದರೂ ಹೇಳುವ ಮುಂಚೆ ನನ್ನ ಕಥೆ ಕೇಳಿ. ಸಕಲೇಶಪುರದ ಕಡೆ ಒಂದು ಹೋಂಸ್ಟೇಗೆ ವೆಬ್‌ಸೈಟು, ಫೋಟೋ, ಬೋರ್ಡು ಎಲ್ಲ ಮಾಡಿಕೊಟ್ಟೆ. ಮುಂಗಡ ಕಡಿಮೆ, ಬದಲಿಗೆ ವೆಬ್‌ಸೈಟಿನಿಂದ ಬರುವ ಬುಕಿಂಗ್‌ನಲ್ಲಿ 5% ಅಂತ ಮಾತು. ಮೊದಲ ತಿಂಗಳು ಕೊಟ್ಟರು. ಎರಡನೇ ತಿಂಗಳಿಂದ "ಎಲ್ಲ ಫೋನಲ್ಲೇ ಬಂತಮ್ಮ" ಅನ್ನೋಕೆ ಶುರು ಮಾಡಿದರು. ಆ ಫೋನ್ ನಂಬರ್ ಇದ್ದದ್ದೇ ವೆಬ್‌ಸೈಟಿನಲ್ಲಿ! ನಾನೇ ದಪ್ಪಕ್ಷರದಲ್ಲಿ ಹಾಕಿದ್ದು. ಬುಕಿಂಗ್ ಪುಸ್ತಕ ಅವರ ಕೈಲಿ. ನಾನು ಅಲ್ಲಿಗೆ ಹೋಗಿ ಗಿರಾಕಿಗಳನ್ನು ಕೇಳೋಕಾಗುತ್ತಾ, ನಿಮಗೆ ನಂಬರ್ ಎಲ್ಲಿ ಸಿಕ್ತು ಅಂತ?

ಪುಸ್ತಕ ಅವರ ಕೈಯಲ್ಲಿದ್ದರೆ ಪಾಲಿನ ವ್ಯವಹಾರ ಬೇಡ. ಲೆಕ್ಕ ಮುಂಚೆ ಹಾಕಿ, ದುಡ್ಡು ಮುಂಚೆ ನಿಗದಿ ಮಾಡಿಕೊಳ್ಳಿ.

ಮಸಿಕುಡಿಕೆ

ಮೂವತ್ತು ವರ್ಷ ಪ್ರಿಂಟಿಂಗ್‌ನಲ್ಲಿದ್ದೇನೆ. ಈ 'ಮೌಲ್ಯ' ಅನ್ನೋ ಮಾತು ಕೇಳಿದಾಗಲೆಲ್ಲ ಎರಡು ಗುರುತು (ಲೋಗೋ) ನೆನಪಾಗುತ್ತವೆ. ನೈಕಿಯ ಗುರುತು 1971ರಲ್ಲಿ ಕ್ಯಾರೊಲಿನ್ ಡೇವಿಡ್ಸನ್ ಅನ್ನುವ ವಿದ್ಯಾರ್ಥಿನಿ ಬರೆದದ್ದು, 35 ಡಾಲರ್‌ಗೆ. 1986ರಲ್ಲಿ ಸ್ಟೀವ್ ಜಾಬ್ಸ್ ತನ್ನ ನೆಕ್ಸ್ಟ್ ಕಂಪನಿಯ ಗುರುತಿಗೆ ಪಾಲ್ ರ್‍ಯಾಂಡ್‌ಗೆ ಕೊಟ್ಟದ್ದು ಒಂದು ಲಕ್ಷ ಡಾಲರ್. ರ್‍ಯಾಂಡ್ ಒಂದೇ ಒಂದು ಗುರುತು ಕೊಟ್ಟರು, 'ಇನ್ನೆರಡು ಆಪ್ಷನ್' ಎಲ್ಲ ಇಲ್ಲ. ಈಗ ವ್ಯಾಪಾರ ನೋಡಿ. ನೆಕ್ಸ್ಟ್ ಕಂಪ್ಯೂಟರ್ ಅಷ್ಟಾಗಿ ಮಾರಾಟ ಆಗಲಿಲ್ಲ. ನೈಕಿ ಎಲ್ಲಿಗೆ ಹೋಯಿತು ನಿಮಗೇ ಗೊತ್ತು. ಮುಂದೆ 1983ರಲ್ಲಿ ನೈಕಿಯವರು ಆಕೆಯನ್ನು ಕರೆದು ಉಂಗುರ, ಷೇರು ಕೊಟ್ಟರು. ಅದು ಅವರ ದೊಡ್ಡತನ. ಒಪ್ಪಂದದಲ್ಲಿ ಇರಲಿಲ್ಲ.

ಗುರುತಿನಿಂದ ಮುಂದೆ ಎಷ್ಟು ಲಾಭ ಬರುತ್ತದೆ ಅಂತ ಬರೆಯುವ ದಿನ ಯಾರಿಗೂ ಗೊತ್ತಿರೋದಿಲ್ಲ. ಹಾಗಾಗಿ ಗಿರಾಕಿಗೆ ಕನಸು ಮಾರಬೇಡಿ. ಈಗ ಸೋರುತ್ತಿರೋದು ಎಲ್ಲಿ ಅಂತ ನೋಡಿ.

ಅಂದಹಾಗೆ ಸ್ಟಿಕರ್‌ನಲ್ಲೇ ಇರುತ್ತಾರಾ, ಅಚ್ಚು ಹಾಕಿದ ಪೊಟ್ಟಣಕ್ಕೆ ಹೋಗುತ್ತಾರಾ?

ಗೆರೆ_ಬರೆ

ಸರ್, ಅಚ್ಚಿನ ಪೊಟ್ಟಣಕ್ಕೆ ಹೋಗುವ ಆಸೆ ಇದೆ. ಐದಕ್ಕೂ ಆರಾರು ಬಣ್ಣ ಅಂತ ರೋಟೋಗ್ರೇವರ್‌ನವರ (ಕೊರೆದ ಸಿಲಿಂಡರ್‌ನಿಂದ ಪೊಟ್ಟಣಕ್ಕೆ ಅಚ್ಚು ಹಾಕುವವರು) ಹತ್ತಿರ ದರ ತರಿಸಿದ್ದಾರೆ. ಒಂದು ಸಿಲಿಂಡರ್‌ಗೆ 4,000 ಅಂತೆ. ಅದನ್ನು ನೋಡಿಯೇ ಗಾಬರಿಯಾಗಿದ್ದಾರೆ.

ಮಸಿಕುಡಿಕೆ

ಇದನ್ನು ಮೊದಲೇ ಹೇಳಬಾರದೇನಪ್ಪಾ! ನಿನ್ನ 45,000 ಇಲ್ಲೇ ಕೂತಿದೆ.

ಗ್ರೇವರ್‌ನಲ್ಲಿ ಒಂದು ಬಣ್ಣಕ್ಕೆ ಒಂದು ಸಿಲಿಂಡರ್. ಐದು ಬಗೆ, ಆರು ಬಣ್ಣ, ಒಟ್ಟು ಮೂವತ್ತು ಸಿಲಿಂಡರ್. 1,20,000 ರೂಪಾಯಿ. ನೀನು ಡಿಸೈನ್ ಮಾಡುವಾಗಲೇ ಐದು ಬಣ್ಣ ಎಲ್ಲದಕ್ಕೂ ಒಂದೇ ಇರೋ ಹಾಗೆ ಮಾಡು. ದೇವರು, ಮನೆತನದ ಹೆಸರು, ಚಿತ್ರ, ಹಿಂಬದಿಯ ವಿಳಾಸ, ಎಫ್‌ಎಸ್‌ಎಸ್‌ಎಐ ನಂಬರ್, ಹಸಿರು ಚುಕ್ಕೆ ಎಲ್ಲ ಆ ಐದರಲ್ಲಿ. ಬದಲಾಗೋದು ಆರನೆಯದು ಮಾತ್ರ, ಬಗೆಯ ಹೆಸರು ಮತ್ತು ಅದರ ಪಟ್ಟಿ. ಶೇಂಗಾಕ್ಕೆ ಒಂದು ಮಸಿ, ಅಗಸಿಗೆ ಇನ್ನೊಂದು ಮಸಿ. ಆಗ 5 + 5, ಹತ್ತೇ ಸಿಲಿಂಡರ್. 40,000. ಉಳಿದದ್ದು 80,000, ಅದೂ ಮೊದಲ ದಿನವೇ. ಇದಕ್ಕೆ ವರ್ಷ ಕಾಯಬೇಕಿಲ್ಲ, 'ಮಾರಾಟ ಹೆಚ್ಚಬಹುದು' ಅನ್ನೋ ಬಹುದುಗಳೂ ಬೇಡ.

ಒಂದು ಎಚ್ಚರ. ಪದಾರ್ಥಗಳ ಪಟ್ಟಿ, ಪೋಷಕಾಂಶದ ಪಟ್ಟಿ ಬಗೆಬಗೆಗೆ ಬೇರೆ ಅಲ್ಲವೇ? ಅವೂ ಆ ಆರನೇ ಸಿಲಿಂಡರ್‌ನಲ್ಲೇ ಬರಬೇಕು. ಅಂದರೆ ಆರನೇ ಬಣ್ಣ ಗಾಢವಾಗಿಯೇ ಇರಬೇಕು. ಪುಟಾಣಿ ಅಂತ ಅರಿಶಿನ ಬಣ್ಣ ಹಾಕಿದೆಯೋ, ಸಣ್ಣಕ್ಷರ ಒಂದೂ ಓದೋಕಾಗೋದಿಲ್ಲ.

ಪೊಟ್ಟಣದ ಉದ್ದ ಎಷ್ಟಿದೆ? ಎಣ್ಣೆ ಸೋರುತ್ತದೆ ಅಂತ ದಾವಣಗೆರೆಯವರು ಅಂದರಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಸೀಲ್ ಬೀಳುವ ಜಾಗಕ್ಕೆ ಪುಡಿ ಮೆತ್ತಿಕೊಂಡರೆ ಸೀಲ್ ಹಿಡಿಯೋದಿಲ್ಲ.

ಸುಮ್ನೆ_ಓದುವವ

ಈ ಥ್ರೆಡ್ ಸೇವ್ ಮಾಡಿಕೊಂಡೆ.

ಪಿಕ್ಸೆಲ್_ಪುಟ್ಟ

ದೇವರ ಫೋಟೋ ಮಾತ್ರ ತೆಗೆಯಬೇಡಿ. ಚಿಕ್ಕದು ಮಾಡಿ, ಜಾಗ ಬದಲಿಸಿ, ಆದರೆ ಇರಲಿ. ಕೇಸರಿಯೂ ಇರಲಿ. 2009ರಲ್ಲಿ ಅಮೆರಿಕದಲ್ಲಿ ಟ್ರಾಪಿಕಾನಾ ಜ್ಯೂಸಿನವರು ಡಬ್ಬದ ಮೇಲಿದ್ದ ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣು ತೆಗೆದು, ಲೋಟದ ಚಿತ್ರ ಹಾಕಿದರು. ನೋಡೋಕೆ ಚೆನ್ನಾಗೇ ಇತ್ತು. ಎರಡು ತಿಂಗಳೊಳಗೆ ಮಾರಾಟ 20% ಬಿತ್ತು, ಹಳೇ ಡಬ್ಬ ವಾಪಸ್ ತಂದರು. ಜನ ಅಂಗಡಿಯಲ್ಲಿ ಡಬ್ಬ ಓದೋದಿಲ್ಲ, ಗುರುತು ಹಿಡಿಯುತ್ತಾರೆ. ಡಿಸೈನ್‌ಗೆ ಬೆಲೆ ಇದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ. ನಮ್ಮ ಪರವಾಗಿ ಇಲ್ಲ ಅನ್ನೋದಷ್ಟೇ ಬೇಜಾರು.

ಕಾರ್ಪೊರೇಟ್_ಕೂಲಿ

ಮೆಕಿನ್ಸಿ ಅನ್ನುವ ದೊಡ್ಡ ಸಲಹಾ ಕಂಪನಿಯವರ 2018ರ ವರದಿ ತೋರಿಸಿ. 300 ಕಂಪನಿಗಳನ್ನು ಐದು ವರ್ಷ ನೋಡಿದ್ದಾರೆ. ಡಿಸೈನ್‌ನಲ್ಲಿ ಮುಂದಿರುವ ಕಾಲುಭಾಗದ ಕಂಪನಿಗಳ ಆದಾಯದ ಬೆಳವಣಿಗೆ ಉಳಿದವರಿಗಿಂತ 32 ಪರ್ಸೆಂಟೇಜ್ ಪಾಯಿಂಟ್ ಜಾಸ್ತಿ.

ಲೆಕ್ಕದಕ್ಕ

ಚಟ್ನಿಪುಡಿ ಮಾಡುವವರ ಮುಂದೆ ಮೆಕಿನ್ಸಿ ಇಡೋದಾ? 😀 ಅದೂ ಅಲ್ಲದೆ, ಚೆನ್ನಾಗಿ ನಡೆಯುವ ಕಂಪನಿಗಳ ಹತ್ತಿರ ಡಿಸೈನ್‌ಗೆ ಸುರಿಯೋಕೆ ದುಡ್ಡೂ ಇರುತ್ತದೆ. ಯಾವುದರಿಂದ ಯಾವುದು ಆಯಿತು ಅಂತ ಆ ಸಂಖ್ಯೆ ಹೇಳೋದಿಲ್ಲ.

ಗೆರೆ_ಬರೆ, ನೀನು ಮೊದಲು ಮಾಡಬೇಕಾದ್ದು ಎಣಿಕೆ. ಅಂಗಡಿ ಸರ್ ಹೇಳಿದ ಹಾಗೆ 300ರಲ್ಲಿ ನಿನ್ನದೆಷ್ಟು ಅಂತ ನೋಡು. ಈಗ ಎಣಿಸದಿದ್ದರೆ ಡಿಸೈನ್ ಬದಲಾದ ಮೇಲೆ ಹೋಲಿಸೋಕೆ ಏನೂ ಇರೋದಿಲ್ಲ.

ಗೆರೆ_ಬರೆ (ನಾಲ್ಕು ವಾರದ ನಂತರ)

ತಡವಾಯಿತು, ಕ್ಷಮಿಸಿ. ಎಣಿಸುತ್ತಿದ್ದೆ.

ಮತ್ತೆ ಹೋಗಿ, "ದುಡ್ಡಿನ ಮಾತು ಆಮೇಲೆ ಆಡೋಣ್ರಿ, ವಾಪಸ್ ಬಂದದ್ದನ್ನ ಮೂರು ವಾರ ಬಿಸಾಡಬ್ಯಾಡ್ರಿ" ಅಂದೆ. ಗೋದಾಮಿನ ಬಾಗಿಲಲ್ಲಿ ಮೂರು ರಟ್ಟಿನ ಡಬ್ಬ ಇಟ್ಟು, ಗೋಡೆಗೆ ಮೊಳೆ ಹೊಡೆದು, ದಾರ ಕಟ್ಟಿದ 40 ಪುಟದ ನೋಟ್‌ಬುಕ್ ನೇತುಹಾಕಿದೆ. ಲೈನಿನ ಹುಡುಗರಿಗೆ ಹೇಳಿದ್ದು ಇಷ್ಟೇ: ತಂದ ಪೊಟ್ಟಣ ಆಯಾ ಡಬ್ಬಕ್ಕೆ ಹಾಕಿ, ಒಂದು ಗೀಟು ಎಳೆಯಿರಿ. ಮೊದಲ ಎರಡು ದಿನ ಯಾರೂ ಎಳೆಯಲಿಲ್ಲ. ಯಜಮಾನರ ಸೊಸೆ ಬಂದು ಗದರಿದ ಮೇಲೆ ಸರಿಹೋಯಿತು.

ಮೂರು ವಾರಕ್ಕೆ 212 ಪೊಟ್ಟಣ. ಎಣ್ಣೆ ಸೋರಿದ್ದು 96. ಬಗೆ ಅದಲುಬದಲಾದದ್ದು 71. ತಾರೀಖು ಮುಗಿದದ್ದು 45.

ಅಂದರೆ ನಾನು ಬಲವಾಗಿ ನಂಬಿದ್ದ ಕಾರಣಕ್ಕೆ ಮೂರನೇ ಒಂದು ಪಾಲು. ತಿಂಗಳಿಗೆ ನೂರು ಅಂತ ಹಿಡಿದರೆ ನಷ್ಟ 3,800. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಗ್ಗಿಸಿದರೂ ಉಳಿಯೋದು ಎರಡು ಸಾವಿರ ಚಿಲ್ಲರೆ. ಬರೀ ಅದರ ಮೇಲೆ 45,000 ಕೇಳಿದ್ದರೆ ಎರಡು ವರ್ಷ ಬೇಕಿತ್ತು ಹುಟ್ಟೋಕೆ. ಅಂಗಡಿ ಸರ್, ನೀವು ಹೇಳದಿದ್ದರೆ ನಾನು ಸುಳ್ಳು ಲೆಕ್ಕ ಹಿಡಿದುಕೊಂಡು ಹೋಗುತ್ತಿದ್ದೆ.

ಸೋರಿಕೆ ವಿಷಯಕ್ಕೆ ಮಸಿಕುಡಿಕೆ ಸರ್ ಹೇಳಿದ್ದನ್ನೇ ನೋಡಿದೆ. ಪುಡಿ ತುಂಬುವ ಹೆಂಗಸರ ಪಕ್ಕ ಒಂದು ಮಧ್ಯಾಹ್ನ ಕೂತೆ. 200 ಗ್ರಾಂ ಹಾಕಿದರೆ ಪುಡಿ ಪೊಟ್ಟಣದ ಬಾಯಿವರೆಗೂ ಬರುತ್ತದೆ. ಆಕೆ ಎರಡು ಸಲ ನೆಲಕ್ಕೆ ಕುಟ್ಟಿ, ಬೆರಳಲ್ಲಿ ಒತ್ತಿ, ಸೆರಗಿನಿಂದ ಬಾಯಿ ಒರೆಸಿ ಸೀಲ್‌ಗೆ ಕೊಡುತ್ತಾರೆ. ಒರೆಸಿದರೂ ಎಣ್ಣೆ ಹೋಗುತ್ತಾ? ಮುಕ್ಕಾಲು ಇಂಚು ಉದ್ದ ಹೆಚ್ಚಿಸಿ, ಮೇಲಿನ ಆ ಖಾಲಿ ಜಾಗಕ್ಕೆ ಸೇರಿಸಿ ಬಗೆಯ ಹೆಸರಿನ ಪಟ್ಟಿ ಹಾಕಿದ್ದೇನೆ. ಟ್ರೇನಲ್ಲಿ ನಿಲ್ಲಿಸಿದರೂ ಹೆಸರು ಕಾಣುತ್ತದೆ, ಸೀಲ್‌ಗೂ ಜಾಗ ಸಿಕ್ಕಿತು.

ಒಂದು ಹಾಳೆ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಹೋದೆ ಅಕ್ಕಾ. ಮೊದಲ ಸಾಲು ಸಿಲಿಂಡರ್: 1,20,000 ಬದಲು 40,000. ಎರಡನೇ ಸಾಲು 71. ಮೂರನೇ ಸಾಲು 96, ಅದರ ಪಕ್ಕ 'ಖಾತ್ರಿ ಇಲ್ಲ, ನೋಡೋಣ' ಅಂತಲೂ ಬರೆದೆ. ಯಜಮಾನರು ಮೊದಲನೇ ಸಾಲಿನ ಮೇಲೆ ಬೆರಳಿಟ್ಟು, ರೋಟೋಗ್ರೇವರ್‌ನವರಿಗೆ ಅಲ್ಲೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡರು. ಆಮೇಲೆ 40,000ಕ್ಕೆ ನಿಲ್ಲಿಸಿದರು. ಐದು ಸಾವಿರ ಯಾಕೆ ಕಡಿದರು ಅಂತ ಕೇಳಬೇಡಿ, ಚೌಕಾಸಿ ಮಾಡದಿದ್ದರೆ ಅವರಿಗೆ ಊಟ ಸೇರೋದಿಲ್ಲ. 15,000 ಮುಂಗಡ ಬಂತು.

ಲೆಕ್ಕದಕ್ಕ

ಶಭಾಷ್. ಕರಾರು ಬರೆದಿದ್ದೀಯಾ? ಕೃತಿಸ್ವಾಮ್ಯ ಅವರಿಗೆ ಕೊಡೋದಾದರೆ ಬರಹದಲ್ಲೇ, ಸಹಿ ಹಾಕಿಯೇ ಕೊಡಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 1957ರ ಕಾಯ್ದೆ ಪ್ರಕಾರ ಐದು ವರ್ಷಕ್ಕೆ ಅಂತಲೇ ಲೆಕ್ಕ, ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಾಳೆ ಅವರು ದುಬೈಗೆ ಕಳಿಸುತ್ತೇವೆ ಅಂದರೆ ಆ ಮಾತು ಬೇರೆ, ದರವೂ ಬೇರೆ. ಹಾಗೇ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾಡಿಸಿಕೋ. ಸಣ್ಣ ಉದ್ದಿಮೆಗೆ ಬಾಕಿ ಕೊಡೋಕೆ ಕರಾರಿದ್ದರೂ 45 ದಿನಕ್ಕಿಂತ ಎಳೆಯುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರುಪಟ್ಟು ಬಡ್ಡಿ. ಇದೆಲ್ಲ ಬೆದರಿಸೋಕಲ್ಲ, ಗೊತ್ತಿರಲಿ ಅಂತ.

ಮಲೆನಾಡು_ಹುಡುಗಿ

ಮೂರು ವಾರ ಗೋದಾಮಲ್ಲಿ ಎಣಿಸಿದ್ದಕ್ಕೆ ದುಡ್ಡು ತಗೊಂಡ್ರಾ? ಅದು ಪುಕ್ಕಟೆ ಆದರೆ ಫ್ಲೆಕ್ಸ್ ಅಂಗಡಿಯ ಕೊತ್ತಂಬರಿ ಸೊಪ್ಪಿಗೂ ಇದಕ್ಕೂ ಏನು ವ್ಯತ್ಯಾಸ?

ಗೆರೆ_ಬರೆ

ತಗೊಂಡಿಲ್ಲ. ನೀವು ಕೇಳಿದ್ದು ಸರಿಯಾಗಿಯೇ ಚುಚ್ಚಿತು. ಮುಂದಿನ ಕೆಲಸಕ್ಕೆ ಎಣಿಕೆಯನ್ನೇ ಬೇರೆ ಬಾಬ್ತು ಅಂತ ಬರೆಯುತ್ತೇನೆ. ಡಿಸೈನ್ ಆಮೇಲೆ ನನ್ನ ಹತ್ತಿರವೇ ಮಾಡಿಸಲಿ, ಬೇರೆಯವರ ಹತ್ತಿರ ಮಾಡಿಸಲಿ.

ಗೆರೆ_ಬರೆ (ಮೂರು ತಿಂಗಳ ನಂತರ)

ಕೊನೆಯ ಸುದ್ದಿ. 30,000 ಪೊಟ್ಟಣ ಅಚ್ಚಾಗಿ ಬಂದವು. ಅದೇ ಮೊಳೆಗೆ ಹೊಸ ನೋಟ್‌ಬುಕ್ ಕಟ್ಟಿ ಮತ್ತೆ ಮೂರು ವಾರ ಎಣಿಸಿದೆವು. ಅದಲುಬದಲು 71 ಇದ್ದದ್ದು 19. ಸೋರಿದ್ದು 96 ಇದ್ದದ್ದು 31. ತಾರೀಖು ಮುಗಿದದ್ದು 45 ಇದ್ದದ್ದು 48, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

19ರಲ್ಲಿ 14 ಒಂದೇ ಜೋಡಿ, ಪುಟಾಣಿ ಮತ್ತು ಅಗಸಿ. ಮಸಿಕುಡಿಕೆ ಸರ್ ಎಚ್ಚರಿಸಿದ್ದಕ್ಕೆ ಪುಟಾಣಿಗೆ ಅರಿಶಿನ ಬಿಟ್ಟು ಗಾಢ ಸಾಸಿವೆ ಬಣ್ಣ ಹಾಕಿದ್ದೆ. ಅಚ್ಚಾಗುವಾಗ ಅದು ಕಂದಾಗಿ, ಅಗಸಿಯ ಕಂದಿಗೆ ಹತ್ತಿರ ಬಂದುಬಿಟ್ಟಿದೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ. ಮುಂದಿನ ಸಲ ಪುಟಾಣಿಗೆ ಹಸಿರು. ಸಿಲಿಂಡರ್ ಅದೇ ನಡೆಯುತ್ತದೆ, ಮಸಿ ಮಾತ್ರ ಬದಲು.

ಬಾಕಿ 25,000 ಮೊನ್ನೆ ಬಂತು. ಯಜಮಾನರು ಹೊಸ ಪೊಟ್ಟಣ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಉದ್ದ ಮಾಡಿದ್ದು ಛಲೋ ಆತು ನೋಡು. ಬಣ್ಣಾ ಏನೋ, ಹಂಗ ಇತ್ತ" ಅಂದರು.

ಮಸಿಕುಡಿಕೆ

ಹಸಿರು ಹಾಕುವ ಮುಂಚೆ ಅಚ್ಚಿನ ಮಾದರಿ ತರಿಸಿ, ಅದೇ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡು.